30 ಗೋಲಿನ ಎಟೊ ದೊಡ್ಡವನೋ, 12 ಗೋಲಿನ ಎಟೊ ದೊಡ್ಡವನೋ?

ರಾತ್ರಿ_ಪಾಳಿ

ಮಧ್ಯಾಹ್ನ ಊಟಕ್ಕೆ ಕೂತಾಗ ಶುರುವಾದ ವಾದ ಇದು. ಮನೆಗೆ ಬಂದರೂ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ವಿಷಯ ಕ್ಯಾಮರೂನ್‌ನ ಫುಟ್‌ಬಾಲ್ ಸ್ಟ್ರೈಕರ್ ಸ್ಯಾಮುಯೆಲ್ ಎಟೊ. 2008-09ರಲ್ಲಿ ಬಾರ್ಸಿಲೋನಾ ಪರ ಲೀಗ್‌ನಲ್ಲೇ 30 ಗೋಲು ಹೊಡೆದ. ತಂಡ ಸ್ಪೇನ್‌ನ ಲೀಗ್ ಲಾ ಲಿಗಾ, ಅಲ್ಲಿನ ನಾಕೌಟ್ ಕಪ್ ಕೋಪಾ ಡೆಲ್ ರೇ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಮರುವರ್ಷ ಇಂಟರ್ ಮಿಲಾನ್‌ಗೆ ಹೋದ. ಅಲ್ಲಿ ಲೀಗ್‌ನಲ್ಲಿ ಬರೀ 12 ಗೋಲು. ಆದರೆ ಇಂಟರ್ ಕೂಡ ಆ ವರ್ಷ ಇಟಲಿಯ ಲೀಗ್, ಇಟಲಿಯ ಕಪ್, ಚಾಂಪಿಯನ್ಸ್ ಲೀಗ್ ಮೂರಕ್ಕೆ ಮೂರೂ ಎತ್ತಿತು. ಬೆನ್ನುಬೆನ್ನಿಗೆ ಎರಡು ವರ್ಷ, ಎರಡು ಬೇರೆ ಕ್ಲಬ್, ಎರಡೂ ಕಡೆ ಮೂರು ಮೂರು ಕಪ್. ಅವನಿಗಿಂತ ಮುಂಚೆ ಹೀಗೆ ಯಾರಿಗೂ ಆಗಿರಲಿಲ್ಲ.

ನನ್ನ ಸಹೋದ್ಯೋಗಿಯ ಮಾತು ಏನೆಂದರೆ, ಎರಡನೇ ವರ್ಷ ಎಟೊ ಮದುವೆಗೆ ಬಂದು ಊಟ ಮಾಡಿ ಹೋದವನು ಅಷ್ಟೇ. ಅಡುಗೆ ಮಾಡಿದ್ದು ಜೊತೆ ಆಟಗಾರರಾದ ಮಿಲಿಟೊ, ಸ್ನೈಡರ್. ಅಷ್ಟು ದೊಡ್ಡ ಸ್ಟ್ರೈಕರ್‌ನನ್ನು ತಂದು ಮೈದಾನದ ಅಂಚಿನಲ್ಲಿ ಡಿಫೆನ್ಸ್ ಮಾಡಿಸಿದ್ದು ದಂಡ ಅಂತ. ನನಗೆ ಪೂರ್ತಿ ಉಲ್ಟಾ ಅನಿಸುತ್ತದೆ. ಅವನ ಇಡೀ ಆಟದ ಬದುಕಿನಲ್ಲಿ ಆ 12 ಗೋಲಿನ ವರ್ಷವೇ ದೊಡ್ಡದು. ಸೋತವರು ಒಂದು ವಾರ ಫಿಲ್ಟರ್ ಕಾಫಿ ಕೊಡಿಸಬೇಕು. ನೀವೇ ಹೇಳಿ.

ಕಡಲತಡಿ_ಕಿಕ್

ಕಾಫಿ ನಿಮಗೇ ಸಿಗಬೇಕು ಮಾರಾಯ್ರೆ. 2010ರ ಏಪ್ರಿಲ್ 28, ಬಾರ್ಸಿಲೋನಾದ ಮೈದಾನ ಕ್ಯಾಂಪ್ ನೌ, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂ ಕಾಲಿಗೆ ಶುರು. ಅಮ್ಮ ಎದ್ದುಬಿಟ್ಟಾರು ಅಂತ ಟಿವಿ ಸೌಂಡ್ ಪೂರ್ತಿ ತೆಗೆದು ನೋಡಿದವಳು ನಾನು.

ಮೊದಲ ಪಂದ್ಯದಲ್ಲಿ ಇಂಟರ್ 3-1 ಗೆದ್ದಿತ್ತು. ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿಯಿಂದ ವಿಮಾನಗಳೆಲ್ಲ ನಿಂತು, ಬಾರ್ಸಿಲೋನಾದವರು ಮಿಲಾನ್‌ಗೆ ಬಸ್ಸಿನಲ್ಲಿ ಹೋಗಿದ್ದರು, ನೆನಪಿದೆಯಾ? ಎರಡನೇ ಪಂದ್ಯದಲ್ಲಿ 28ನೇ ನಿಮಿಷಕ್ಕೆ ಇಂಟರ್‌ನ ತಿಯಾಗೊ ಮೊಟ್ಟಾಗೆ ರೆಡ್ ಕಾರ್ಡ್. ಇನ್ನು ಒಂದು ಗಂಟೆ ಹತ್ತೇ ಜನ, ಎದುರಿಗೆ ಮೆಸ್ಸಿ, ಶಾವಿ. ಆಗ ಎಟೊ ಹೋಗಿ ಅಂಚಿನಲ್ಲಿ ಫುಲ್‌ಬ್ಯಾಕ್ (ಅಂಚು ಕಾಯುವ ಡಿಫೆಂಡರ್) ಹಾಗೆ ನಿಂತುಬಿಟ್ಟ. ಒಂಬತ್ತು ತಿಂಗಳ ಹಿಂದೆ ಅದೇ ಮೈದಾನ ಅವನ ಮನೆ. ಅದೇ ಗೋಲ್‌ಪೋಸ್ಟ್‌ಗೆ ಗೋಲು ಹೊಡೆದು ಹೊಡೆದು ಸಾಕಾಗಿದ್ದವನು, ಅವತ್ತು ಇನ್ನೊಂದು ತುದಿಯಲ್ಲಿ ಕಾವಲು ಕಾದ. 84ನೇ ನಿಮಿಷಕ್ಕೆ ಬಾರ್ಸಿಲೋನಾದ ಪಿಕೆ ಒಂದು ಹೊಡೆದ, ಅಷ್ಟೇ. ಒಟ್ಟು 3-2, ಇಂಟರ್ ಫೈನಲ್‌ಗೆ. ಇಂಟರ್ ಕೋಚ್ ಮೌರಿನ್ಹೊ ಬೆರಳೆತ್ತಿಕೊಂಡು ಓಡಿದ್ದು, ಮೈದಾನದವರು ನೀರಿನ ಸ್ಪ್ರಿಂಕ್ಲರ್ ಬಿಟ್ಟಿದ್ದು. ನಾನು ಸೋಫಾ ಮೇಲೆ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ಕುಣಿದೆ.

ಹಳೇ_ಬೂಟು

ಭಾವುಕತೆ ಚೆನ್ನಾಗಿದೆ. ಆದರೆ ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ತಪ್ಪೇನಿದೆ? ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಮೇಲೆ ಎರಡೂ ಗೋಲು ಮಿಲಿಟೊನದು. ಸೆಮಿಯಲ್ಲಿ ಆ ಮೂರು ಗೋಲು ಸ್ನೈಡರ್, ಮೈಕಾನ್, ಮಿಲಿಟೊ. ಎಟೊ ಎಲ್ಲಿ? ಒಬ್ಬ ಸ್ಟ್ರೈಕರ್ ಡಿಫೆನ್ಸ್ ಮಾಡಿದ ಅಂತ ಹೊಗಳುವುದು, ಸಂಗೀತಗಾರ ಮೈಕ್ ಸೆಟ್ ಚೆನ್ನಾಗಿ ಹೊತ್ತ ಅಂತ ಹೊಗಳಿದ ಹಾಗೆ.

ಲೆಕ್ಕದ_ಮೇಷ್ಟ್ರು

ಹಳೇ ಬೂಟು ಅವರೇ, ಒಂದು ಬಿಟ್ಟಿರಿ. ಅದೇ ವರ್ಷದ ಮಾರ್ಚ್ 16, ಚಾಂಪಿಯನ್ಸ್ ಲೀಗ್, ಲಂಡನ್‌ನ ಚೆಲ್ಸಿ ಕ್ಲಬ್‌ನ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಜ್. ಚೆಲ್ಸಿ ಮೇಲೆ 78ನೇ ನಿಮಿಷದ ಗೋಲು, ಪಂದ್ಯ 1-0. ಹೊಡೆದವನು ಎಟೊ. ಆ ಪಂದ್ಯದಲ್ಲೇ ಮೌರಿನ್ಹೊ ಮಿಲಿಟೊನನ್ನು ನಡುವೆ ಬಿಟ್ಟು, ಎಟೊನನ್ನು ಒಂದು ಅಂಚಿಗೆ, ಪಾಂಡೆವ್‌ನನ್ನು ಇನ್ನೊಂದು ಅಂಚಿಗೆ ಹಾಕಿದ್ದು. ಅಂದರೆ ಅಂಚಿಗೆ ಹೋಗಿ ನಿಂತೂ ಗೆಲುವಿನ ಗೋಲು ಹೊಡೆದ.

ಇನ್ನೊಂದು ಲೆಕ್ಕ. ಮರುವರ್ಷ 2010-11ರಲ್ಲಿ, ಮೌರಿನ್ಹೊ ಹೋದ ಮೇಲೆ, ಇಂಟರ್‌ಗೆ ಎಲ್ಲ ಟೂರ್ನಿ ಸೇರಿ 37 ಗೋಲು ಹೊಡೆದ. ಕಾಲಲ್ಲಿ ಕಸುವು ಹೋಗಿತ್ತು, ಅದಕ್ಕೇ ಅಂಚಿಗೆ ತಳ್ಳಿದರು ಅನ್ನುವ ಮಾತು ಇಲ್ಲಿಗೇ ಬಿದ್ದುಹೋಯಿತು. ಬೇಕು ಅಂದಾಗ ಹೊಡೆಯುವ ಶಕ್ತಿ ಇತ್ತು. ಬೇರೆ ಕೆಲಸ ಹೇಳಿದರು, ಮಾಡಿದ.

ಬೆಂಚ್_ಮೇಲಿನವ

ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ತಾಳ್ಮೆ ಇದ್ದವರು ಓದಿ. ಎಟೊ ಅಂದರೆ ಎಲ್ಲರೂ ಬಾರ್ಸಿಲೋನಾದಿಂದ ಶುರು ಮಾಡುತ್ತೀರಿ. ಅವನು ಮೊದಲು ಸೇರಿದ್ದು ರಿಯಲ್ ಮ್ಯಾಡ್ರಿಡ್!

ದುವಾಲಾದ ಕಾಜಿ ಸ್ಪೋರ್ಟ್ಸ್ ಅಕಾಡೆಮಿಯಲ್ಲಿ ಕಲಿತ ಹುಡುಗ. ಮೀಸೆ ಬರುವ ಮುಂಚೆಯೇ ಮ್ಯಾಡ್ರಿಡ್ ಕರೆಸಿಕೊಂಡಿತು. ಅವನೇ ಹೇಳಿಕೊಂಡಿರುವ ಹಾಗೆ, ವಿಮಾನ ಇಳಿದಾಗ ಕೊರೆಯುವ ಚಳಿ, ಕರೆದುಕೊಂಡು ಹೋಗಲು ಒಬ್ಬರೂ ಬಂದಿರಲಿಲ್ಲ. ಆಮೇಲೆ ಅದಕ್ಕಿಂತ ದೊಡ್ಡ ತೊಂದರೆ ಬಂತು. ಮ್ಯಾಡ್ರಿಡ್‌ನ ಬಿ ತಂಡ ಮೂರನೇ ದರ್ಜೆಗೆ ಇಳಿಯಿತು. ಯುರೋಪಿಯನ್ ಒಕ್ಕೂಟದ ಹೊರಗಿನವರು ಅಲ್ಲಿ ಆಡುವಂತಿಲ್ಲ. ಮೇಲಿನ ತಂಡದಲ್ಲಿ ಜಾಗ ಇಲ್ಲ, ಕೆಳಗಿನ ತಂಡದಲ್ಲಿ ಪಾಸ್‌ಪೋರ್ಟ್ ಅಡ್ಡ. ಸರಿ, ಲೆಗಾನೆಸ್ ಕ್ಲಬ್‌ಗೆ ಲೋನ್, ಅಂದರೆ ಸ್ವಲ್ಪ ಕಾಲಕ್ಕೆ ಎರವಲು. ಆಮೇಲೆ ಎಸ್ಪಾನ್ಯೊಲ್‌ಗೆ ಲೋನ್, ಅಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಲಗೇಜ್ ತರಹ ತಿರುಗಿದ.

2000ದಲ್ಲಿ ಮಯೋರ್ಕ ದ್ವೀಪದ ಕ್ಲಬ್ ಅವನನ್ನು ಮೊದಲು ಲೋನ್ ಮೇಲೆ, ಆಮೇಲೆ ಕಾಯಂ ಆಗಿ ತೆಗೆದುಕೊಂಡಿತು. ಅಲ್ಲಿ ಅರಳಿದ ನೋಡಿ. ಬಿಟ್ಟುಹೋಗುವ ಹೊತ್ತಿಗೆ ಲೀಗ್‌ನಲ್ಲಿ 54 ಗೋಲು. ಆ ಕ್ಲಬ್‌ಗೆ ಲೀಗ್‌ನಲ್ಲಿ ಅಷ್ಟು ಗೋಲು ಅದುವರೆಗೆ ಯಾರೂ ಹೊಡೆದಿರಲಿಲ್ಲ. 2003ರ ಕೋಪಾ ಡೆಲ್ ರೇ ಫೈನಲ್ ಎಲ್ಚೆಯಲ್ಲಿ, ಜೂನ್ 28ಕ್ಕೆ. ಅದಕ್ಕೆ ಎರಡೇ ದಿನ ಮುಂಚೆ ಲಿಯೋನ್‌ನಲ್ಲಿ ಕಾನ್ಫೆಡರೇಶನ್ಸ್ ಕಪ್ ಸೆಮಿಫೈನಲ್ ಆಡುತ್ತಿದ್ದಾಗ ಕ್ಯಾಮರೂನ್‌ನ ಮಾರ್ಕ್-ವಿವಿಯನ್ ಫೋ ಮೈದಾನದಲ್ಲೇ ಕುಸಿದು ಸತ್ತುಹೋಗಿದ್ದ. ದೇಶದ ತಂಡದಲ್ಲಿ ಜೊತೆಗೆ ಆಡಿದವನು ಸತ್ತ ಎರಡನೇ ದಿನ ಎಟೊ ಬೂಟು ಕಟ್ಟಿ ಎರಡು ಗೋಲು ಹೊಡೆದ. ರೆಕ್ರಿಯಾಟಿವೊ ವಿರುದ್ಧ 3-0. ಮಯೋರ್ಕಗೆ ಅದೇ ಮೊದಲ ಕೋಪಾ.

ಆ ಪಂದ್ಯಕ್ಕೆ ದ್ವೀಪದಿಂದ ಬಂದ ಅಭಿಮಾನಿಗಳ ಊಟಕ್ಕೆ ಅಂತ 30,000 ಯೂರೊ ಕೈಯಿಂದ ಕೊಟ್ಟ. ಲೆಕ್ಕದ ಮೇಷ್ಟ್ರೇ, ಇದು ಯಾವ ಕಾಲಮ್‌ಗೆ ಬರುತ್ತದೆ?

ಲೆಕ್ಕದ_ಮೇಷ್ಟ್ರು

ಅಡುಗೆ ಖರ್ಚು ಕಾಲಮ್‌ಗೆ ಹಾಕಿಕೊಂಡಿದ್ದೇನೆ 🙂

2004ರಲ್ಲಿ ಬಾರ್ಸಿಲೋನಾ 2.4 ಕೋಟಿ ಯೂರೊ ಕೊಟ್ಟು ತೆಗೆದುಕೊಂಡಾಗ ಅವನ ಹಕ್ಕಿನ ಅರ್ಧ ಪಾಲು ಇನ್ನೂ ಮ್ಯಾಡ್ರಿಡ್ ಹತ್ತಿರವೇ ಇತ್ತು. ಅಂದರೆ ತನ್ನ ಹಳೇ ಹುಡುಗನನ್ನು ತನ್ನ ಶತ್ರುವಿಗೆ ಮಾರಿ, ಅರ್ಧ ದುಡ್ಡು ಎಣಿಸಿಕೊಂಡಿತು. ಮುಂದಿನ ಐದು ವರ್ಷದಲ್ಲಿ ಬಾರ್ಸಿಲೋನಾಗೆ ಮೂರು ಲೀಗ್, ಎರಡು ಚಾಂಪಿಯನ್ಸ್ ಲೀಗ್. 2006ರ ಪ್ಯಾರಿಸ್ ಫೈನಲ್‌ನಲ್ಲಿ ಆರ್ಸೆನಲ್ ಮುಂದಿದ್ದಾಗ 76ನೇ ನಿಮಿಷಕ್ಕೆ ಸಮ ಮಾಡಿದವನು ಎಟೊ. 2009ರ ರೋಮ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 10ನೇ ನಿಮಿಷಕ್ಕೆ ಬಾಗಿಲು ತೆರೆದವನೂ ಎಟೊ.

ಹಳೇ_ಬೂಟು

ಒಪ್ಪಿದೆ, ಒಪ್ಪಿದೆ. ನಾನು ಹೇಳುತ್ತಿರುವುದೂ ಅದನ್ನೇ ಅಲ್ವಾ? ಗೋಲು ಹೊಡೆದ ಎಟೊನೇ ಎಟೊ. ಮತ್ತೆ ಅವನನ್ನು ಶ್ರವಣಕುಮಾರ ಮಾಡಬೇಡಿ. 2007ರ ಫೆಬ್ರವರಿ, ರಾಸಿಂಗ್ ಸಾಂಟಾಂಡೆರ್ ಪಂದ್ಯ. ಮಂಡಿ ಏಟಿನಿಂದ ಆಗಷ್ಟೇ ವಾಪಸ್ ಬಂದಿದ್ದ. ಕೊನೆಯ ಕೆಲವು ನಿಮಿಷಕ್ಕೆ ಮೈದಾನಕ್ಕೆ ಇಳಿ ಅಂದರೆ ಇಳಿಯಲಿಲ್ಲ ಅಂತ ಕೋಚ್ ರೈಕಾರ್ಡ್ ಪತ್ರಕರ್ತರ ಮುಂದೆಯೇ ಹೇಳಿದರು. 2005ರಲ್ಲಿ ಲೀಗ್ ಗೆದ್ದ ಸಂಭ್ರಮದಲ್ಲಿ ಮೈಕ್ ಹಿಡಿದು ಮ್ಯಾಡ್ರಿಡ್‌ಗೆ ಬೈದು 12,000 ಯೂರೊ ದಂಡ ಕಟ್ಟಿದ. ಹೇಳಿದ ಮಾತು ಕೇಳುವ ಸಿಪಾಯಿ ಏನಲ್ಲ.

ಕಡಲತಡಿ_ಕಿಕ್

ಅದೇ ಪಾಯಿಂಟು! ಕೇಳದವನು ಕೇಳಿದ. ಕೊನೇ ನಿಮಿಷಕ್ಕೆ ಇಳಿಯಲ್ಲ ಅಂದವನು ಮೂರು ವರ್ಷ ಆದ ಮೇಲೆ ಅದೇ ಊರಿನಲ್ಲಿ ಒಂದು ಗಂಟೆ ಬೇರೆಯವರ ಕೆಲಸ ಮಾಡಿದ. ಮೊದಲಿಂದಲೂ ತಲೆ ಬಗ್ಗಿಸಿಕೊಂಡು ಬಂದವನು ಇದನ್ನು ಮಾಡಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ದಂಡ ಅಂದಿರಲ್ಲ, ಅದರ ಪಕ್ಕದಲ್ಲೇ ಇದನ್ನೂ ಇಡಿ. 2006ರ ಫೆಬ್ರವರಿ 25, ಸರಗೋಸಾ. ಎಟೊ ಚೆಂಡು ಮುಟ್ಟಿದಾಗಲೆಲ್ಲ ಕೋತಿಯ ಹಾಗೆ ಕೂಗುತ್ತಿದ್ದರು. ಸಾಕಾಗಿ, ಇನ್ನು ಆಡುವುದಿಲ್ಲ ಅಂತ ಮೈದಾನದಿಂದ ಹೊರಗೆ ಹೊರಟ. ತನ್ನ ತಂಡದವರು, ಎದುರು ತಂಡದವರು, ರೆಫರಿ, ರೈಕಾರ್ಡ್ ಎಲ್ಲ ಸುತ್ತ ಸೇರಿ ನಿಲ್ಲಿಸಿದರು. ವಾಪಸ್ ಬಂದು ಆಡಿದ, ಬಾರ್ಸಿಲೋನಾ 2-0 ಗೆದ್ದಿತು. ಇದಕ್ಕೆ ಸರಗೋಸಾ ಕ್ಲಬ್‌ಗೆ ಬಿದ್ದ ದಂಡ 9,000 ಯೂರೊ. ಬೈದವನಿಗೆ 12,000, ಸ್ಟೇಡಿಯಂ ಪೂರ್ತಿ ಕೋತಿ ಕೂಗು ಕೂಗಿಸಿದ್ದಕ್ಕೆ 9,000. ನನ್ನ ಮಕ್ಕಳನ್ನು ಪಂದ್ಯ ನೋಡಲು ಕರೆದುಕೊಂಡು ಬರುವುದಿಲ್ಲ ಅಂತ ಅವನು ಹೇಳಿದ್ದು ಈ ಕಾರಣಕ್ಕೇ.

ಆಫ್‌ಸೈಡ್_ಅಣ್ಣ

ನಾನು ಬಂದಿದ್ದು ಜೋಕ್ ಹಾಕೋಣ ಅಂತ. ಮೇಲಿನದು ಓದಿ ಮನಸ್ಸು ಬರಲಿಲ್ಲ. ನಾಳೆ ಬರುತ್ತೇನೆ.

ಕೋಚ್_ಆಗದವ

ಯಾರೂ ಹೇಳದ ಒಂದು ವಿಷಯ. ಎಟೊನನ್ನು ಅಂಚಿಗೆ ಮೊದಲು ಕಳಿಸಿದ್ದು ಮೌರಿನ್ಹೊ ಅಲ್ಲ, ಬಾರ್ಸಿಲೋನಾ ಕೋಚ್ ಗಾರ್ಡಿಯೋಲಾ.

2009ರ ಮೇ 2, ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂನಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್‌ಗೆ 6-2 ಬಾರಿಸಿದ ರಾತ್ರಿ. ಅವತ್ತು ಮೆಸ್ಸಿಯನ್ನು ಬಲಗಡೆಯಿಂದ ತೆಗೆದು ನಡುವಿಗೆ ತಂದರು. ನಡುವಿನಲ್ಲಿದ್ದ ಎಟೊ ಬಲಗಡೆಗೆ ಹೋದ. ಮ್ಯಾಡ್ರಿಡ್ ಡಿಫೆಂಡರ್‌ಗಳಿಗೆ ಕೆಳಗೆ ಇಳಿಯುತ್ತಿದ್ದ ಮೆಸ್ಸಿಯ ಹಿಂದೆ ಹೋಗಬೇಕೋ, ಜಾಗದಲ್ಲೇ ನಿಲ್ಲಬೇಕೋ ಗೊತ್ತಾಗಲಿಲ್ಲ. ಆಮೇಲೆ ಜಗತ್ತು ವರ್ಷಗಟ್ಟಲೆ ಮಾತಾಡಿದ ‘ಫಾಲ್ಸ್ ನೈನ್’ (ನಡುವಿನ ಸ್ಟ್ರೈಕರ್ ಜಾಗದಿಂದ ಕೆಳಗೆ ಇಳಿದು ಆಡುವವನು) ಮೆಸ್ಸಿ ಶುರುವಾಗಿದ್ದು ಅಲ್ಲಿಂದ. ಆ ಜಾಗ ಖಾಲಿ ಮಾಡಿಕೊಟ್ಟವನು ಯಾರು? ಲೀಗ್‌ನಲ್ಲಿ 30 ಗೋಲು ಹೊಡೆದ ವರ್ಷದಲ್ಲೇ ತನ್ನ ಕುರ್ಚಿ ಬಿಟ್ಟು ಎದ್ದವನು. ರೋಮ್ ಫೈನಲ್‌ನ ಆ ಮೊದಲ ಗೋಲನ್ನೂ ಇನ್ನೊಮ್ಮೆ ನೋಡಿ. ಬಲಗಡೆಯಿಂದ ಒಳಗೆ ಬಂದು, ಡಿಫೆಂಡರ್ ವಿದಿಚ್‌ನನ್ನು ದಾಟಿ, ಹತ್ತಿರದ ಕಂಬದ ಪಕ್ಕದಲ್ಲಿ ತೂರಿಸಿದ್ದು.

ಸ್ವಾರಸ್ಯ ಏನೆಂದರೆ, ಆ ಸೀಸನ್ ಶುರುವಾಗುವ ಮುಂಚೆ ರೊನಾಲ್ಡಿನ್ಹೊ, ಡೆಕೊ, ಎಟೊ ಮೂವರೂ ನನ್ನ ಲೆಕ್ಕದಲ್ಲಿ ಇಲ್ಲ ಅಂತ ಗಾರ್ಡಿಯೋಲಾ ಹೇಳಿದ್ದರು. ಇಬ್ಬರು ಹೋದರು. ಎಟೊ ಹೋಗಲಿಲ್ಲ, ಉಳಿದು ಆಡಿದ. ಎಲ್ಲ ಗೆದ್ದ ಮೇಲೆ ಅವನನ್ನೂ ಕಳಿಸಿದರು. ಎಟೊ ಜೊತೆಗೆ ಸುಮಾರು 4.6 ಕೋಟಿ ಯೂರೊ ಕೊಟ್ಟು ಇಂಟರ್‌ನ ಸ್ಟ್ರೈಕರ್ ಇಬ್ರಾಹಿಮೊವಿಚ್‌ನನ್ನು ತಂದರು. ಅವನು ಒಂದೇ ವರ್ಷಕ್ಕೆ ಗಂಟುಮೂಟೆ ಕಟ್ಟಿದ. ಹಸು ಕೊಟ್ಟು, ಮೇಲೆ ದುಡ್ಡೂ ಕೊಟ್ಟು, ಕುದುರೆ ತಂದು ಆ ಕುದುರೆ ಗಾಡಿಗೆ ಬಗ್ಗದಿದ್ದರೆ ಹೇಗೆ, ಹಾಗೆ.

ಹಾಗಾಗಿ ರಾತ್ರಿ ಪಾಳಿಯವರೇ, 30 ಗೋಲಿನ ಎಟೊ, 12 ಗೋಲಿನ ಎಟೊ ಅಂತ ಇಬ್ಬರಿಲ್ಲ. 30 ಗೋಲಿನ ವರ್ಷದ ಕೊನೆಯಲ್ಲೇ 12 ಗೋಲಿನವನು ಶುರುವಾಗಿದ್ದ.

ರಾತ್ರಿ_ಪಾಳಿ

ಇದು ನನಗೆ ಹೊಳೆದೇ ಇರಲಿಲ್ಲ. ಈ ಪೋಸ್ಟ್ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಆಫೀಸಿನವನಿಗೆ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಹಳೇ_ಬೂಟು

ಕಾಫಿ ಕುಡಿಯುವ ಮುಂಚೆ ಇದಕ್ಕೂ ಉತ್ತರ ಕೊಡಿ. ಇಂಟರ್ ಪರ ಕಪ್ ಎತ್ತಿದ ಮರುತಿಂಗಳೇ ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್. ಕ್ಯಾಮರೂನ್ ಮೊದಲ ಪಂದ್ಯ ಜಪಾನ್ ಮೇಲೆ. ಕೋಚ್ ಪಾಲ್ ಲೆ ಗುಯೆನ್ ಎಟೊನನ್ನು ಬಲ ಅಂಚಿಗೆ ಹಾಕಿದರು, ಇಂಟರ್‌ನಲ್ಲಿ ಆಡಿದ ಹಾಗೇ. ಏನಾಯಿತು? 1-0 ಸೋಲು. ಅಲ್ಲಿ ನಡುವೆ ನಿಂತು ಹೊಡೆಯಲು ಮಿಲಿಟೊ ಇರಲಿಲ್ಲ, ಚೆಂಡು ಕೊಡಲು ಸ್ನೈಡರ್ ಇರಲಿಲ್ಲ. ಮೂರಕ್ಕೆ ಮೂರೂ ಸೋತು ಮನೆಗೆ ಬಂದರು. ಇಡೀ ಟೂರ್ನಿಯಲ್ಲಿ ಕ್ಯಾಮರೂನ್ ಹೊಡೆದ ಎರಡೂ ಗೋಲು ಎಟೊನದು.

ಅಂಚಿನ ಎಟೊ ದೊಡ್ಡವನಾಗಿದ್ದು ಪಕ್ಕದಲ್ಲಿ ಶ್ರೀಮಂತ ಕ್ಲಬ್ ಇದ್ದಾಗ ಮಾತ್ರ. ಅವನ ಊರಿನ ತಂಡಕ್ಕೆ ಬೇಕಾಗಿದ್ದು ನಡುವೆ ನಿಂತು ಗೋಲು ಹೊಡೆಯುವ ಎಟೊ.

ಬೆಂಚ್_ಮೇಲಿನವ

ಇದು ಒಳ್ಳೇ ಏಟು. ಒಪ್ಪಿಕೊಳ್ಳುತ್ತೇನೆ.

ಕ್ಯಾಮರೂನ್ ಅಂಗಿ ಹಾಕಿದಾಗ ಅವನ ಕಥೆಯೇ ಬೇರೆ. 1998ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಚಿಕ್ಕ ಆಟಗಾರ, 17 ವರ್ಷ. 2000 ಮತ್ತು 2002ರಲ್ಲಿ ಆಫ್ರಿಕಾ ಕಪ್. ನಡುವೆ ಸಿಡ್ನಿ ಒಲಿಂಪಿಕ್ಸ್ ಫೈನಲ್, ಎದುರಿಗೆ ಸ್ಪೇನ್. ಆ ಸ್ಪೇನ್ ತಂಡದಲ್ಲಿ ಶಾವಿ, ಪುಯೋಲ್. ಅರ್ಧ ಆಟಕ್ಕೆ 2-0 ಹಿಂದಿದ್ದರು. ಎರಡೂ ಗೋಲು ತೀರಿಸಿದರು, ಎರಡನೆಯದು ಎಟೊನದು. ಪೆನಾಲ್ಟಿಯಲ್ಲಿ ಚಿನ್ನ, ಕ್ಯಾಮರೂನ್‌ಗೆ ಒಲಿಂಪಿಕ್ಸ್‌ನಲ್ಲಿ ಮೊದಲ ಚಿನ್ನ ಅದು. ನಾಲ್ಕು ವರ್ಷ ಆದ ಮೇಲೆ ಅದೇ ಶಾವಿ, ಪುಯೋಲ್ ಜೊತೆ ಒಂದೇ ಡ್ರೆಸಿಂಗ್ ರೂಮ್‌ನಲ್ಲಿ ಕೂತ. ದೇಶಕ್ಕೆ 118 ಪಂದ್ಯದಲ್ಲಿ 56 ಗೋಲು, ಆಫ್ರಿಕಾ ಕಪ್‌ನಲ್ಲೇ 18. ಆ 18ನ್ನು ಯಾರೂ ದಾಟಿಲ್ಲ.

ಲೆಕ್ಕದ_ಮೇಷ್ಟ್ರು

ಹೊಡೆಯದ ಒಂದೂ ಇದೆ. 2005ರ ಅಕ್ಟೋಬರ್ 8, ಯವೊಂಡೆ, ಈಜಿಪ್ಟ್ ಮೇಲೆ 1-1. ಗೆದ್ದರೆ 2006ರ ವಿಶ್ವಕಪ್. ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಎಲ್ಲರೂ ಎಟೊ ಕಡೆ ನೋಡಿದರು, ಚೆಂಡು ಇಟ್ಟಿದ್ದು ಡಿಫೆಂಡರ್ ಪಿಯರ್ ವೋಮೆ. ಕಂಬಕ್ಕೆ ಬಡಿದು ಹೋಯಿತು. ವಿಶ್ವಕಪ್‌ಗೆ ಐವರಿ ಕೋಸ್ಟ್ ಹೋಯಿತು. ಎಟೊ ಸೇರಿ ಯಾರೂ ಮುಂದೆ ಬರಲಿಲ್ಲ, ಅದಕ್ಕೇ ನಾನು ಹೊಡೆದೆ ಅಂತ ವೋಮೆ ಆಮೇಲೆ ಹೇಳಿದ. ಜನ ರೊಚ್ಚಿಗೆದ್ದಿದ್ದು ಮಾತ್ರ ವೋಮೆ ಮೇಲೆ.

ಆಫ್‌ಸೈಡ್_ಅಣ್ಣ

ನಾಳೆ ಆಯಿತು, ಬಂದೆ.

ಎಲ್ಲರೂ 2010ಕ್ಕೇ ನಿಂತಿದ್ದೀರಿ. 2011ರಲ್ಲಿ ರಷ್ಯಾದ ಆಂಜಿ ಮಖಚ್ಕಲಾ ಕ್ಲಬ್‌ಗೆ ಹೋದ. ತೆರಿಗೆ ಕಳೆದು ವರ್ಷಕ್ಕೆ 2 ಕೋಟಿ ಯೂರೊ ಅಂತ ಆಗ ಪೇಪರ್‌ಗಳಲ್ಲೆಲ್ಲ ಬಂತು. ಮಜಾ ಏನು ಗೊತ್ತಾ, ಕ್ಲಬ್ ಇದ್ದದ್ದು ದಾಗೆಸ್ತಾನದಲ್ಲಿ, ಆಟಗಾರರು ಇದ್ದದ್ದು ಮಾಸ್ಕೋದಲ್ಲಿ. ಪಂದ್ಯ ಇದ್ದ ದಿನ ವಿಮಾನ ಹತ್ತಿ ತಮ್ಮ ‘ಸ್ವಂತ’ ಊರಿಗೆ ಹೋಗುತ್ತಿದ್ದರು. ನಾವು ಹಬ್ಬಕ್ಕೆ ಊರಿಗೆ ಹೋಗುವ ಹಾಗೆ. 2013ರಲ್ಲಿ ಮಾಲೀಕ ಕೆರಿಮೋವ್ ಒಂದು ದಿನ ಕೈ ಎತ್ತಿದ, ಎಲ್ಲರನ್ನೂ ಮಾರಿದ.

ಆಮೇಲೆ ಚೆಲ್ಸಿ. ಕೋಚ್ ಮತ್ತೆ ಮೌರಿನ್ಹೊ. ಕ್ಯಾಮರಾ ಆನ್ ಇರುವುದು ಗೊತ್ತಿಲ್ಲದೆ, ಎಟೊಗೆ ವಯಸ್ಸು 32, ಏನೋ 35ಕ್ಕೂ ಇರಬಹುದು ಅಂತ ಕಿಚಾಯಿಸಿದರು. ಮಾರ್ಚ್ 2014ರಲ್ಲಿ ಟಾಟನ್‌ಹ್ಯಾಮ್ ಮೇಲೆ ಗೋಲು ಹೊಡೆದ ಎಟೊ ಸೀದಾ ಕಾರ್ನರ್ ಬಾವುಟದ ಹತ್ತಿರ ಹೋದ. ಒಂದು ಕೈಯಲ್ಲಿ ಬಾವುಟದ ಕಂಬ ಊರುಗೋಲು, ಇನ್ನೊಂದು ಕೈ ಸೊಂಟದ ಮೇಲೆ. ಥೇಟ್ ನಮ್ಮ ತಾತ ಬೆಳಿಗ್ಗೆ ವಾಕಿಂಗ್ ಹೊರಟ ಹಾಗೆ. ಅದಕ್ಕೂ ಎರಡು ತಿಂಗಳು ಮುಂಚೆ ಅದೇ ತಾತ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಹ್ಯಾಟ್ರಿಕ್ ಹೊಡೆದಿದ್ದ.

ನನ್ನ ವೋಟು ತಾತನಿಗೆ.

ಕೋಚ್_ಆಗದವ

ತಾತ ಈಗ ಯಜಮಾನ ಆಗಿದ್ದಾನಲ್ಲ. 2011ರ ಕೊನೆಯಲ್ಲಿ ಬೋನಸ್ ದುಡ್ಡು ಕೊಟ್ಟಿಲ್ಲ ಅಂತ ಆಟಗಾರರೆಲ್ಲ ಅಲ್ಜೀರಿಯಾ ಪಂದ್ಯಕ್ಕೆ ಹೋಗಲಿಲ್ಲ. ಮುಂದೆ ನಿಂತವನು ಕ್ಯಾಪ್ಟನ್ ಎಟೊ ಅಂತ ಕ್ಯಾಮರೂನ್ ಫುಟ್‌ಬಾಲ್ ಒಕ್ಕೂಟ ಡಿಸೆಂಬರ್‌ನಲ್ಲಿ 15 ಪಂದ್ಯ ನಿಷೇಧ ಹಾಕಿತು, ಆಮೇಲೆ ಎಂಟು ತಿಂಗಳಿಗೆ ಇಳಿಸಿತು. ಸರಿಯಾಗಿ ಹತ್ತು ವರ್ಷಕ್ಕೆ, 2021ರ ಡಿಸೆಂಬರ್ 11ರಂದು, ಅದೇ ಒಕ್ಕೂಟಕ್ಕೆ ಎಟೊ ಅಧ್ಯಕ್ಷನಾಗಿ ಆರಿಸಿಬಂದ. ಅಧ್ಯಕ್ಷನಾದ ಮೇಲಿನ ಎಟೊ ನನಗೆ ಅಷ್ಟು ಹಿಡಿಸುವುದಿಲ್ಲ. ಸರ್ಕಾರ ನೇಮಿಸಿದ ಕೋಚ್ ಜೊತೆ ಎಲ್ಲರ ಮುಂದೆ ಕೂಗಾಡಿದ್ದು, 2022ರಲ್ಲಿ ಕತಾರ್‌ನ ಸ್ಟೇಡಿಯಂ ಹೊರಗೆ ಒಬ್ಬನಿಗೆ ಹೊಡೆದದ್ದು, ಸ್ಪೇನ್‌ನ ಹಳೇ ತೆರಿಗೆ ಕೇಸಿನಲ್ಲಿ ತಪ್ಪೊಪ್ಪಿಕೊಂಡದ್ದು, ಒಂದಾ ಎರಡಾ. ಅದಕ್ಕೆ ಬೇರೆಯೇ ಚರ್ಚೆ ಬೇಕು, ಇಲ್ಲಿ ಬೇಡ.

ಕಡಲತಡಿ_ಕಿಕ್

ಬೇಡವೇ ಬೇಡ. ರಾತ್ರಿ ಪಾಳಿಯವರೇ, ಕಾಫಿ ಏನಾಯಿತು?

ರಾತ್ರಿ_ಪಾಳಿ

ಇವತ್ತು ಉತ್ತರ ಬಂತು. ಮೇಲಿನದೆಲ್ಲ ಕೂತು ಓದಿದ್ದಾನೆ. 6-2 ಪಂದ್ಯದ ವಿಷಯ ಒಪ್ಪಿಕೊಂಡ. ಚೆಲ್ಸಿ ಗೋಲು ಮರೆತಿದ್ದೆ ಅಂದ. ಆದರೆ ಹಳೇ ಬೂಟು ಅವರ ಜಪಾನ್ ಪಂದ್ಯ ಹಿಡಿದುಕೊಂಡು ಕೂತಿದ್ದಾನೆ, ಬಿಡುತ್ತಿಲ್ಲ. ಕೊನೆಗೆ ರಾಜಿಯಾಯಿತು: ಸೋಮವಾರದಿಂದ ಬುಧವಾರ ಅವನು ಕಾಫಿ ಕೊಡಿಸುತ್ತಾನೆ, ಗುರುವಾರ ಶುಕ್ರವಾರ ನಾನು.

ಶನಿವಾರ ಅವನ ಮನೆಯಲ್ಲಿ ಕ್ಯಾಂಪ್ ನೌ ಪಂದ್ಯ ಪೂರ್ತಿ 90 ನಿಮಿಷ ಮತ್ತೆ ಹಾಕುತ್ತಿದ್ದೇವೆ. ಅವನು ಒಂದು ಷರತ್ತು ಹಾಕಿದ್ದಾನೆ. ಚೆಂಡನ್ನು ನೋಡುವಂತಿಲ್ಲ, ಎಟೊನನ್ನು ಮಾತ್ರ ನೋಡಬೇಕು.

ಹಳೇ_ಬೂಟು

ಎಷ್ಟು ಗಂಟೆಗೆ? ಸೌಂಡ್ ಜೋರಾಗಿ ಇಡಿ, ನಾನೂ ಬರುತ್ತೇನೆ.